ತೂಕ ಇಳಿಯಲಿ, ಶಕ್ತಿ ಇಳಿಯದಿರಲಿ



ವಾರದ ಸಭೆ ಮುಗಿಯುವ ಹೊತ್ತನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಉಳಿತಾಯದ ಹಣ ಎಣಿಸಿ ಆಯ್ತು, ನಿರ್ಣಯ ಪುಸ್ತಕಕ್ಕೆ ಸಹಿ ಹಾಕಿ ಆಯ್ತು. ಇನ್ನು ಚಾಪೆಯಿಂದ ಏಳಬೇಕು. ಕೈ ಊರದೆ ಏಳುವವರು ನಮ್ಮಲ್ಲಿ ಎಷ್ಟು ಜನ? ಸಂಘಗಳ ಭೇಟಿಗೆ ಹೋದಾಗಲೆಲ್ಲ ನಾವು ಇದನ್ನು ಗಮನಿಸಿದ್ದೇವೆ. ಒಬ್ಬರು ಗೋಡೆ ಹಿಡಿಯುತ್ತಾರೆ, ಇನ್ನೊಬ್ಬರು ಪಕ್ಕದವರ ಭುಜ ಹಿಡಿಯುತ್ತಾರೆ, ಮತ್ತೊಬ್ಬರು ಮಂಡಿ ಮೇಲೆ ಕೈಯಿಟ್ಟು "ಅಯ್ಯೋ ದೇವರೇ" ಅಂತ ಏಳುತ್ತಾರೆ. ವಯಸ್ಸು ಕೇಳಿದರೆ ನಲವತ್ತು, ನಲವತ್ತೆರಡು. ಮೈಯಲ್ಲಿ ಬೊಜ್ಜು ಇದೆ, ಆದರೆ ಬಲ ಇಲ್ಲ. ಈ ಸಲ ಅದರ ಬಗ್ಗೆಯೇ ಬರೆಯೋಣ ಅಂದುಕೊಂಡೆವು.

ಬರೆಯಲು ಇನ್ನೊಂದು ಕಾರಣವೂ ಇದೆ. ಒಂದು ಸಂಘದಲ್ಲಿ ಸಾಲದ ಪುಸ್ತಕ ನೋಡುತ್ತಿದ್ದಾಗ "ವೈದ್ಯಕೀಯ ಖರ್ಚು" ಎಂದು 6,000 ರೂಪಾಯಿಯ ಆಂತರಿಕ ಸಾಲ ಕಂಡಿತು. ಯಾರಿಗೆ ಏನಾಗಿತ್ತು ಅಂತ ವಿಚಾರಿಸಿದೆವು. ಕಾಯಿಲೆ ಏನೂ ಇರಲಿಲ್ಲ. ತೂಕ ಇಳಿಸುವ ಪುಡಿಯ ಎರಡು ಡಬ್ಬಿ ತಂದಿದ್ದರು. ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಬದಲು ಆ ಪುಡಿ ಕಲಸಿ ಕುಡಿಯಬೇಕು. ಎರಡು ತಿಂಗಳಲ್ಲಿ ಐದು ಕೆಜಿ ಇಳಿದದ್ದೂ ನಿಜ. ಆದರೆ ತಲೆಕೂದಲು ಉದುರಿತು, ನಲ್ಲಿಯಿಂದ ತುಂಬಿದ ಕೊಡ ತರಲು ಆಗದೆ ಮಗಳನ್ನು ಕರೆಯುವಂತಾಯಿತು, ಕಾಫಿ ಕೊಯ್ಲಿನ ಕಾಲದಲ್ಲಿ ವಾರಕ್ಕೆ ಎರಡು ದಿನ ಕೂಲಿ ತಪ್ಪಿತು. ಡಬ್ಬಿ ಮುಗಿದ ಮೇಲೆ ಮತ್ತೆ ಕೊಳ್ಳಲು ದುಡ್ಡಿಲ್ಲ. ಐದು ತಿಂಗಳಲ್ಲಿ ಇಳಿದ ತೂಕ ಪೂರ್ತಿ ವಾಪಸ್ ಬಂತು, ಈ ಸಲ ಎಲ್ಲ ಹೊಟ್ಟೆಗೇ ಬಂದ ಹಾಗಿತ್ತು. ಸಾಲದ ಕಂತು ಮಾತ್ರ ಇನ್ನೂ ನಡೆಯುತ್ತಿತ್ತು. ಆ ಸಹೋದರಿಯನ್ನು ನಾವು ದೂರುವುದಿಲ್ಲ. "ಹೊಟ್ಟೆ ನೋಡಿ ಎಲ್ಲರೂ ಎಷ್ಟು ತಿಂಗಳು ಅಂತ ಕೇಳ್ತಿದ್ರು, ಸಿಸ್ಟರ್" ಅಂದರು. ನೋವು ಯಾರಿಗಾದರೂ ಆಗುವಂಥದ್ದೇ.

ತಕ್ಕಡಿಗೆ ಗೊತ್ತಾಗದ ಸಂಗತಿ

ಆದದ್ದೇನು ಅಂತ ನೋಡೋಣ. ನಮ್ಮ ಮೈತೂಕದಲ್ಲಿ ಕೊಬ್ಬೂ ಇದೆ, ಮಾಂಸಖಂಡವೂ ಇದೆ, ಮೂಳೆ ಮತ್ತು ನೀರೂ ಇದೆ. ಹೊಟ್ಟೆಗೆ ಏನೂ ಹಾಕದೆ ಕೂತರೆ ಶರೀರವು ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸಿ ಉಪಯೋಗಿಸುತ್ತದೆ. ತಕ್ಕಡಿಯ ಮೇಲೆ ನಿಂತರೆ ಎರಡೂ "ತೂಕ ಇಳಿಯಿತು" ಅಂತಲೇ ತೋರಿಸುತ್ತದೆ. ಆಮೇಲೆ ಮೊದಲಿನ ಹಾಗೆ ಉಣ್ಣಲು ಶುರು ಮಾಡಿದಾಗ ಹೆಚ್ಚಾಗಿ ಹಿಂದಿರುಗುವುದು ಕೊಬ್ಬು. ಮಾಂಸಖಂಡ ತಾನಾಗಿ ಬರುವುದಿಲ್ಲ, ಅದಕ್ಕೆ ಕೆಲಸ ಕೊಡಬೇಕು, ಅದಕ್ಕೆ ಬೇಕಾದ ಆಹಾರವನ್ನೂ ಕೊಡಬೇಕು.

ಮಾಂಸಖಂಡ ಅಂದರೆ ಪೈಲ್ವಾನರ ತೋಳು ಮಾತ್ರ ಅಲ್ಲ. ಬಸ್ಸಿನ ಮೆಟ್ಟಿಲು ಹತ್ತಿಸುವುದು, ಮೊಮ್ಮಗುವನ್ನು ಎತ್ತಿಸುವುದು, ಶೌಚಾಲಯದಲ್ಲಿ ಕೂತವರನ್ನು ಎಬ್ಬಿಸುವುದು ಅದೇ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಅದೇ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರಿಗೆ ಇದರ ಅಗತ್ಯ ಇನ್ನೂ ಜಾಸ್ತಿ. ಮೂವತ್ತು ದಾಟಿದ ಮೇಲೆ, ಸುಮ್ಮನೆ ಬಿಟ್ಟರೆ, ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಮಾಂಸಖಂಡ ಕಳೆದುಹೋಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ತೆಳುವಾಗುತ್ತಾ ಹೋಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಜನರ ತೂಕ ಹೆಚ್ಚಿದೆ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ದಪ್ಪಗಿರುವವರು ಚೆನ್ನಾಗಿ ಉಂಡವರು ಎಂಬ ನಮ್ಮ ಹಳೆಯ ಲೆಕ್ಕ ತಪ್ಪು. ಹೊಟ್ಟೆ ದೊಡ್ಡದಾಗಿದ್ದು ರಕ್ತ ಕಡಿಮೆ ಇರುವ ಹೆಂಗಸರು ಪ್ರತಿ ಸಂಘದಲ್ಲೂ ಸಿಗುತ್ತಾರೆ.

"ನಾವು ಬೆಳಗ್ಗೆಯಿಂದ ದುಡೀತೀವಲ್ಲ?"

ಈ ಮಾತು ಹೇಳಿದಾಗ ಸಭೆಯಲ್ಲಿ ಬರುವ ಮೊದಲ ಉತ್ತರ ಇದು. "ಸಿಸ್ಟರ್, ಐದು ಗಂಟೆಗೆ ಎದ್ದರೆ ರಾತ್ರಿ ಹತ್ತರ ತನಕ ಸೊಂಟ ನೆಟ್ಟಗೆ ಮಾಡೋಕೆ ಪುರುಸೊತ್ತಿಲ್ಲ. ನಮಗ್ಯಾಕೆ ವ್ಯಾಯಾಮ?" ಕೋಪ ಬರುವುದು ನ್ಯಾಯವೇ. ಆದರೆ ದಣಿವು ಬೇರೆ, ಬಲ ಬೇರೆ. ದಿನವೂ ಅದೇ ಪಾತ್ರೆ, ಅದೇ ಕಸ, ಅದೇ ಬಟ್ಟೆ. ಆ ಕೆಲಸಕ್ಕೆ ಎಷ್ಟು ಬಲ ಬೇಕೋ ಅಷ್ಟು ಬಲವನ್ನು ಮೈ ಇಟ್ಟುಕೊಳ್ಳುತ್ತದೆ, ಹೆಚ್ಚಿಗೆ ಬೆಳೆಸುವುದಿಲ್ಲ. ನಮ್ಮ ಅಜ್ಜಿಯರು ಬೀಸುಕಲ್ಲಿನಲ್ಲಿ ರಾಗಿ ಬೀಸಿದರು, ಒರಳಲ್ಲಿ ರುಬ್ಬಿದರು, ಬಾವಿಯಿಂದ ಹಗ್ಗ ಎಳೆದರು. ಈಗ ಮಿಕ್ಸಿ ಬಂದಿದೆ, ನಲ್ಲಿ ಬಂದಿದೆ. ಬರಲಿ, ಒಳ್ಳೆಯದೇ, ಬೀಸುಕಲ್ಲಿಗೆ ವಾಪಸ್ ಹೋಗಿ ಅಂತ ನಾವು ಹೇಳುವುದಿಲ್ಲ. ಆದರೆ ತೋಳಿಗೂ ತೊಡೆಗೂ ಇದ್ದ ಭಾರದ ಕೆಲಸ ಹೋಯಿತು, ಅನ್ನ ಮತ್ತು ಎಣ್ಣೆ ಮಾತ್ರ ಹೆಚ್ಚಾಯಿತು. ಹೊಲಿಗೆ ಮೆಷಿನ್ ಮುಂದೆ, ಬೀಡಿ ಮೊರದ ಮುಂದೆ ದಿನಪೂರ್ತಿ ಕೂರುವವರ ಗತಿ ಕೇಳುವುದೇ ಬೇಡ.

ಗಾರೆ ಕೆಲಸ, ಮೂಟೆ ಹೊರುವ ಕೆಲಸ ಮಾಡುವ ಸಹೋದರಿಯರ ಮಾತು ಬೇರೆ. ಅವರಿಗೆ ಬೇಕಾಗಿರುವುದು ಇನ್ನಷ್ಟು ವ್ಯಾಯಾಮ ಅಲ್ಲ, ಸರಿಯಾದ ಊಟ ಮತ್ತು ನಿದ್ರೆ. ಅವರು ಮುಂದಿನ ಊಟದ ಭಾಗವನ್ನು ಓದಿದರೆ ಸಾಕು.

ಮನೆಯಲ್ಲೇ ಗರಡಿ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ ಮಾಡಬೇಕು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, "ವಾಕಿಂಗ್ ಮಾಡಿ" ಅಂತ ಡಾಕ್ಟರೂ ಹೇಳುತ್ತಾರೆ. ಎರಡನೆಯದು ನಮ್ಮ ಹೆಂಗಸರ ಕಿವಿಗೆ ಬೀಳುವುದೇ ಇಲ್ಲ. ಜಿಮ್ಮಿಗೆ ಹೋಗಬೇಕೇನೋ ಅಂದುಕೊಳ್ಳುತ್ತಾರೆ. ಮೈಸೂರು ಕಡೆಯ ಗರಡಿಮನೆಗಳಲ್ಲಿ ಇದ್ದದ್ದು ಮಣ್ಣು, ಕಲ್ಲು, ಮರದ ಗದೆ, ಮತ್ತೆ ದಂಡ-ಬಸ್ಕಿ. ನಮಗೂ ಒಂದು ಗೋಡೆ, ಒಂದು ಕುರ್ಚಿ, ಒಂದು ಕೊಡ, ಒಂದು ಕೈಚೀಲ ಇದ್ದರೆ ಸಾಕು.

ಮೊದಲನೆಯದು ಬಸ್ಕಿ. ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆಗೆ ಹೊಡೆಸುತ್ತಿದ್ದರಲ್ಲ, ಅದೇ, ಆದರೆ ಕಿವಿ ಹಿಡಿಯಬೇಕಾಗಿಲ್ಲ. ಕುರ್ಚಿಯ ಮುಂದೆ ನಿಂತು, ಕಾಲನ್ನು ಭುಜದಷ್ಟು ಅಗಲ ಇಟ್ಟು, ಹಿಂದಕ್ಕೆ ಕೂರುವ ಹಾಗೆ ನಿಧಾನವಾಗಿ ಕುಳಿತು, ಕೈ ಊರದೆ ಏಳಿ. ಕೂರುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಧಪ್ ಅಂತ ಕುರ್ಚಿಗೆ ಬೀಳಬಾರದು, ಇಳಿಯುವಾಗ ತಡೆದುಕೊಂಡು ಇಳಿಯುವುದರಲ್ಲೇ ಅರ್ಧ ಬಲ ಬೆಳೆಯುತ್ತದೆ. ಮಂಡಿ ನೋವಿದ್ದವರು ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ವಾರ ಕಳೆದಂತೆ ಒಂದು ದಿಂಬು ತೆಗೆಯಿರಿ, ಆಮೇಲೆ ಇನ್ನೊಂದು. ಕುರ್ಚಿ ಸುಲಭವಾದ ಮೇಲೆ ತಗ್ಗಿನ ಸ್ಟೂಲು, ಕೊನೆಗೆ ಮಣೆ. ಮಣೆಯಿಂದ ಕೈ ಊರದೆ ಎದ್ದವರಿಗೆ ಸಭೆಯ ಚಾಪೆ ಲೆಕ್ಕಕ್ಕಿಲ್ಲ.

ಎರಡನೆಯದು ಗೋಡೆ ದಂಡ. ಗೋಡೆಯಿಂದ ಒಂದೂವರೆ ಹೆಜ್ಜೆ ದೂರ ನಿಂತು ಎರಡು ಅಂಗೈ ಗೋಡೆಗೆ ಇಟ್ಟು, ಮೈ ಕೋಲಿನ ಹಾಗೆ ನೆಟ್ಟಗೆ ಇಟ್ಟುಕೊಂಡು ಮೊಣಕೈ ಮಡಿಸಿ ಎದೆಯನ್ನು ಗೋಡೆಯ ಹತ್ತಿರ ತನ್ನಿ, ಮತ್ತೆ ತಳ್ಳಿ. ಇದು ಸಲೀಸಾದಾಗ ಗೋಡೆ ಬಿಟ್ಟು ಜಗಲಿ ಕಟ್ಟೆ, ಅದಾದ ಮೇಲೆ ಅಲುಗಾಡದ ಮಂಚದ ಅಂಚು. ಕೈ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಭಾರ ಹೆಚ್ಚು.

ಮೂರನೆಯದು ಕೊಡ ಎತ್ತುವುದು. ನಿತ್ಯ ಎತ್ತುತ್ತೇವೆ, ಆದರೆ ಬೆನ್ನು ಬಾಗಿಸಿ ಎತ್ತುತ್ತೇವೆ, ಅದಕ್ಕೇ ಸೊಂಟ ಹಿಡಿಯುವುದು. ಇದಕ್ಕೆ ಹಿಡಿಕೆ ಇರುವ ಬಕೆಟ್ ಒಳ್ಳೆಯದು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಹಾಗಾಗಿ ತೂಕದ ಬಟ್ಟು ಕೊಳ್ಳುವ ಅಗತ್ಯವೇ ಇಲ್ಲ. ಐದು ಲೀಟರಿನಿಂದ ಶುರು ಮಾಡಿ. ಬಕೆಟ್ಟಿನ ಹತ್ತಿರ ನಿಂತು, ಮಂಡಿ ಸ್ವಲ್ಪ ಮಡಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿ, ಬೆನ್ನು ನೇರವಾಗಿ ಇಟ್ಟು ಹಿಡಿಕೆ ಹಿಡಿಯಿರಿ. ಎದ್ದು ನಿಲ್ಲಲು ಬಲ ಕೊಡಬೇಕಾದದ್ದು ತೊಡೆ ಮತ್ತು ಕುಂಡೆ, ಬೆನ್ನಲ್ಲ. ನಾಲ್ಕನೆಯದು ಎಳೆಯುವುದು. ಗಟ್ಟಿ ಕೈಚೀಲದಲ್ಲಿ ಎರಡು ಮೂರು ಕೆಜಿ ಮರಳೋ ರಾಗಿಯೋ ಹಾಕಿ, ಒಂದು ಕೈಯನ್ನು ಮಂಚದ ಮೇಲೆ ಊರಿ ಬಗ್ಗಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದ ತನಕ ಎಳೆಯಿರಿ. ಬಾವಿಯ ಹಗ್ಗ ಎಳೆದ ಕೆಲಸ ಇದೇ.

ಒಂದೊಂದನ್ನೂ ಎಂಟು ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು ಸಲ. ಎಲ್ಲ ಸೇರಿ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು ಇರಲಿ, ಮಾಂಸಖಂಡ ಬೆಳೆಯುವುದು ಬಿಡುವಿನಲ್ಲೇ. ಎಂಟು ಹೋಗಿ ಹನ್ನೆರಡು ಸಲೀಸಾಗಿ ಬಂದ ದಿನ ಬಕೆಟ್ಟಿಗೆ ಒಂದು ಲೀಟರ್, ಚೀಲಕ್ಕೆ ಅರ್ಧ ಕೆಜಿ ಸೇರಿಸಿ ಮತ್ತೆ ಎಂಟಕ್ಕೆ ಬನ್ನಿ. ಗುಟ್ಟು ಇರುವುದು ಈ ಸೇರಿಸುವುದರಲ್ಲಿ. ಒಂದೇ ಭಾರವನ್ನು ವರ್ಷವಿಡೀ ಎತ್ತಿದರೆ ಅದೂ ಪಾತ್ರೆ ತೊಳೆದ ಹಾಗೇ ಆಯ್ತು. ಸೀರೆಯನ್ನು ನಾಟಿ ಹಾಕುವಾಗಿನ ಹಾಗೆ ಮೇಲೆ ಕಟ್ಟಿಕೊಳ್ಳಿ, ಇಲ್ಲವಾದರೆ ಚೂಡಿದಾರ ಹಾಕಿಕೊಳ್ಳಿ. ಯಾರಾದರೂ ನಕ್ಕರೆ ನಗಲಿ ಬಿಡಿ. ಮೊದಲ ಮೂರು ನಾಲ್ಕು ವಾರದಲ್ಲೇ ಬಲ ಬಂದ ಹಾಗೆ ಅನ್ನಿಸುತ್ತದೆ, ಕಣ್ಣಿಗೆ ಕಾಣುವ ಬದಲಾವಣೆಗೆ ಎರಡು ಮೂರು ತಿಂಗಳು ಬೇಕು.

ಹೊಟ್ಟೆ ಕರಗಿಸಲು ಹೊಟ್ಟೆಯ ವ್ಯಾಯಾಮ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಂಥದ್ದು ಇಲ್ಲ. ಯಾವ ಜಾಗ ಅಲ್ಲಾಡಿಸಿದರೆ ಆ ಜಾಗದ ಕೊಬ್ಬು ಕರಗುವುದಿಲ್ಲ. ಇಡೀ ಮೈಯ ಕೊಬ್ಬು ಕರಗುವಾಗ ಹೊಟ್ಟೆಯದೂ ಕರಗುತ್ತದೆ, ಅದನ್ನು ಮಾಡುವುದು ಮುಖ್ಯವಾಗಿ ಅಡುಗೆಮನೆ.

ಕಟ್ಟು ನಮಗೆ, ಕಾಳು ಎತ್ತಿಗೆ?

ಮಾಂಸಖಂಡಕ್ಕೆ ಬೇಕಾದ ಆಹಾರ ಸಸಾರಜನಕ, ಅಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ದೊಡ್ಡವರಿಗೆ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 60 ಕೆಜಿ ಇರುವವರಿಗೆ 50 ಗ್ರಾಂ ಆಯಿತು. ಕೊಬ್ಬು ಇಳಿಸುತ್ತಿರುವವರು ಸ್ವಲ್ಪ ಹೆಚ್ಚು, 60 ಗ್ರಾಂ ತನಕ ತಿಂದರೆ ಮಾಂಸಖಂಡ ಉಳಿಯಲು ಅನುಕೂಲ. ಮೂರು ಹೊತ್ತು ಅನ್ನ, ತಿಳಿಸಾರು, ಎರಡು ಲೋಟ ಕಾಫಿಯಲ್ಲಿ ದಿನ ಕಳೆದರೆ 30 ಗ್ರಾಂ ಆದರೆ ಹೆಚ್ಚು.

ಹುರುಳಿಕಾಳು ಬೇಯಿಸಿದ ನೀರನ್ನು ಬಸಿದು ಕಟ್ಟಿನ ಸಾರು ಮಾಡಿ, ಬೆಂದ ಕಾಳನ್ನು ಎತ್ತಿಗೆ ಹಾಕುವ ರೂಢಿ ನಮ್ಮ ಕಡೆ ಇತ್ತು. ಸಾರು ರುಚಿಯೇ, ಆದರೆ ಸಸಾರಜನಕದ ದೊಡ್ಡ ಪಾಲು ಕಾಳಿನಲ್ಲೇ ಉಳಿಯುತ್ತದೆ. ಎತ್ತು ನಮಗಿಂತ ಚೆನ್ನಾಗಿ ಉಂಡಿತು! ಈಗ ಎತ್ತು ಕಡಿಮೆಯಾಗಿದೆ, ಅಭ್ಯಾಸ ಮಾತ್ರ ಇನ್ನೊಂದು ರೂಪದಲ್ಲಿ ಉಳಿದಿದೆ. ಸಾರಿನ ತಳದ ಕಾಳು ಗಂಡನ ತಟ್ಟೆಗೆ, ಮಕ್ಕಳ ತಟ್ಟೆಗೆ. ಕೊನೆಗೆ ಕೂತ ನಮಗೆ ತಿಳಿ ಮತ್ತು ಅನ್ನ. ಅದರ ಜೊತೆ ಮಕ್ಕಳು ಬಿಟ್ಟದ್ದನ್ನು "ಚೆಲ್ಲೋದ್ಯಾಕೆ" ಅಂತ ನಾವೇ ತಿನ್ನುತ್ತೇವೆ. ಬೊಜ್ಜೂ ನಿಶ್ಶಕ್ತಿಯೂ ಒಟ್ಟಿಗೆ ಬರುವ ದಾರಿ ಇದೇ. ಸಾರು ಬಡಿಸುವ ಮೊದಲು ನಿಮ್ಮ ಪಾಲಿನ ಒಂದು ಸೌಟು ಕಾಳನ್ನು ಬಟ್ಟಲಿಗೆ ತೆಗೆದಿಡಿ. ಅದು ಸ್ವಾರ್ಥ ಅಲ್ಲ.

ಹತ್ತು ಗ್ರಾಂ ಸಸಾರಜನಕಕ್ಕೆ ಏನು ಖರ್ಚು ಅಂತ ನೋಡಿದರೆ ಕಣ್ಣು ತೆರೆಯುತ್ತದೆ. ಬೆಲೆ ಊರಿಂದ ಊರಿಗೆ ಬೇರೆ, ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ. ಹುರುಳಿಕಾಳು ಕೆಜಿಗೆ 100 ರೂಪಾಯಿ ಅಂತ ಹಿಡಿದರೆ 45 ಗ್ರಾಂ, ಅಂದರೆ ಒಂದು ಹಿಡಿ, ನಾಲ್ಕೂವರೆ ರೂಪಾಯಿ. ಸೋಯಾ ತುಂಡು ಕೆಜಿಗೆ 150 ಆದರೆ 20 ಗ್ರಾಂ ಸಾಕು, ಮೂರು ರೂಪಾಯಿ. ಕಡಲೆಬೀಜ ಕೆಜಿಗೆ 150 ಆದರೆ 40 ಗ್ರಾಂ, ಆರು ರೂಪಾಯಿ, ಆದರೆ ಅದರಲ್ಲಿ ಎಣ್ಣೆ ಹೆಚ್ಚು, ಆದ್ದರಿಂದ ಒಂದು ಸಣ್ಣ ಹಿಡಿ ಮೀರಬೇಡಿ. ಮೊಟ್ಟೆ ಏಳು ರೂಪಾಯಿ ಆದರೆ ಒಂದೂವರೆ ಮೊಟ್ಟೆ, ಹತ್ತೂವರೆ ರೂಪಾಯಿ. ಡಬ್ಬಿಯ ಪುಡಿ ಇದರ ಹತ್ತಿರವೂ ಬರುವುದಿಲ್ಲ. ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಮೈ ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ.

ಈಗ ಒಂದು ದಿನದ ಲೆಕ್ಕ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7 ಗ್ರಾಂ, 150 ಗ್ರಾಂ ಅಕ್ಕಿಯ ಅನ್ನ ಅಥವಾ ತಿಂಡಿಯಲ್ಲಿ 11, ಒಂದು ಹಿಡಿ ಹುರುಳಿ ಅಥವಾ ಅಲಸಂದೆಯಲ್ಲಿ 10, ಕಾಲು ಲೀಟರ್ ಹಾಲು ಅಥವಾ ಮೊಸರಿನಲ್ಲಿ 8, ಒಂದು ಮೊಟ್ಟೆಯಲ್ಲಿ 6, ಒಂದು ಸಣ್ಣ ಹಿಡಿ ಕಡಲೆಬೀಜದಲ್ಲಿ 7. ಒಟ್ಟು 49. ಮೊಟ್ಟೆ ತಿನ್ನದವರು, ಇನ್ನಷ್ಟು ಬೇಕಾದವರು ಸ್ವಲ್ಪ ಸೋಯಾ ತುಂಡನ್ನು ಪಲ್ಯಕ್ಕೆ ಹಾಕಿ. ಅಕ್ಕಿ ರಾಗಿಯ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ, ಆದ್ದರಿಂದ ಎರಡೂ ಜೊತೆಗಿರಲಿ. ಹುರುಳಿ ಉಷ್ಣ ಅನ್ನುವವರು ಮೊಳಕೆ ಕಟ್ಟಿ ಮಜ್ಜಿಗೆ ಜೊತೆ ತಿನ್ನಿ, ಇಲ್ಲವೇ ಹೆಸರುಕಾಳು ಹಾಕಿ. ಊಟದ ಜೊತೆಗೇ ಕಾಫಿ ಟೀ ಬೇಡ, ಅದು ಕಬ್ಬಿಣಾಂಶ ಹತ್ತದಂತೆ ಮಾಡುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಎಲ್ಲಿ ಕಡಿಮೆ ಮಾಡುವುದು?

ಸೇರಿಸುವುದನ್ನು ಹೇಳಿದೆವು, ಕಳೆಯದಿದ್ದರೆ ಕೊಬ್ಬು ಇಳಿಯದು. ದಿನಕ್ಕೆ ನಾಲ್ಕು ಲೋಟ ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಹಾಕುವವರು ಒಂದು ಚಮಚಕ್ಕೆ ಇಳಿಸಿದರೆ 80 ಕ್ಯಾಲೊರಿ ಉಳಿಯಿತು. ಮಧ್ಯಾಹ್ನ ಮೂರು ಸೌಟು ಅನ್ನ ಹಾಕಿಕೊಳ್ಳುವವರು ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಪಲ್ಯ ಹಾಕಿದರೆ ಸುಮಾರು 150. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಹೋಗುತ್ತಿದ್ದರೆ ಎರಡೂವರೆಗೆ ತನ್ನಿ, ತಲೆಗೆ ದಿನಕ್ಕೆ 100 ಕ್ಯಾಲೊರಿ ಇಳಿಯುತ್ತದೆ. ಒಟ್ಟು 330. ಹೊಸದಾಗಿ ಸೇರಿಸಿದ ಕಾಳು ಮತ್ತು ಮೊಟ್ಟೆಗೆ 170ರಷ್ಟು ಕಳೆಯಿರಿ. ನಿವ್ವಳ 160. ಜೊತೆಗೆ ಅರ್ಧ ಗಂಟೆ ಬಿರುಸು ನಡಿಗೆಗೆ 100 ಸೇರಿಸಿದರೆ ದಿನಕ್ಕೆ 260. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಅಲ್ಲಿಗೆ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಕೆಜಿ. ಅಷ್ಟೇನಾ ಅನ್ನಬೇಡಿ. ನಿಧಾನವಾಗಿ ಇಳಿದದ್ದು ಉಳಿಯುತ್ತದೆ, ಬಲವೂ ಉಳಿಯುತ್ತದೆ. ತಿಂಗಳಿಗೆ ಎರಡು ಕೆಜಿಗಿಂತ ಹೆಚ್ಚು ಇಳಿಸಲು ಹೋಗಬೇಡಿ.

ಖರ್ಚು? ಉಳಿದ ಒಂದೂವರೆ ಲೀಟರ್ ಎಣ್ಣೆಗೆ, ಲೀಟರಿಗೆ 140ರಂತೆ, 210 ರೂಪಾಯಿ. ಏಳು ರೂಪಾಯಿಯಂತೆ 30 ಮೊಟ್ಟೆಗೂ 210 ರೂಪಾಯಿಯೇ. ಮನೆಯಲ್ಲಿ "ನಿನಗೆ ಮಾತ್ರ ದಿನಾ ಮೊಟ್ಟೆಯಾ?" ಅಂತ ಕೇಳಿದರೆ ಈ ಲೆಕ್ಕ ತೋರಿಸಿ.

ಹರಕೆಗೋ ವ್ರತಕ್ಕೋ ಉಪವಾಸ ಇರುವವರು ಇರಿ, ಆದರೆ ಅದನ್ನು ತೂಕ ಇಳಿಸುವ ಉಪಾಯ ಮಾಡಿಕೊಳ್ಳಬೇಡಿ. ಹಗಲು ಹಸಿದು ರಾತ್ರಿ ಬಜ್ಜಿ, ಸಿಹಿ ತಿಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಮೊದಲು ತೋರಿಸಿಕೊಳ್ಳಬೇಕಾದವರು

ಗರ್ಭಿಣಿಯರು, ಹೆರಿಗೆಯಾಗಿ ಅಥವಾ ಹೊಟ್ಟೆಯ ಆಪರೇಷನ್ ಆಗಿ ಆರು ತಿಂಗಳು ಆಗದವರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬಾರದವರು ಡಾಕ್ಟರನ್ನು ಕೇಳದೆ ಭಾರ ಎತ್ತಬಾರದು. ಮೂತ್ರಪಿಂಡದ ಕಾಯಿಲೆ ಇರುವವರು ಸಸಾರಜನಕ ಹೆಚ್ಚಿಸುವ ಮೊದಲು ಕೇಳಲೇಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಕಡಿಮೆಯಾಗಿ ಕೆಲಸ ಹೆಚ್ಚಾದರೆ ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ ಬರಬಹುದು.

ಇನ್ನೊಂದು ವಿಷಯವನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಹೇಳುತ್ತೇವೆ. ಗರ್ಭಕೋಶ ಕೆಳಗೆ ಜಾರಿದ ಹಾಗೆ, ಕೆಳಗೆ ಏನೋ ಇಳಿದ ಹಾಗೆ ಅನ್ನಿಸುತ್ತಿದ್ದರೆ, ಕೆಮ್ಮಿದಾಗ ಭಾರ ಎತ್ತಿದಾಗ ಮೂತ್ರ ಹೋಗುತ್ತಿದ್ದರೆ ಬಕೆಟ್ ಎತ್ತುವುದು ಬೇಡ. ಮೊದಲು ತೋರಿಸಿ. ಇದು ನಾಚಿಕೆಪಡುವ ಕಾಯಿಲೆ ಅಲ್ಲ, ಚಿಕಿತ್ಸೆ ಇದೆ. ಎದ್ದು ನಿಂತರೆ ಕಣ್ಣು ಕತ್ತಲೆ, ನಾಲ್ಕು ಹೆಜ್ಜೆಗೆ ಏದುಸಿರು ಬರುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕರೆದೊಯ್ಯುತ್ತಾರೆ. ರಕ್ತ ಇಲ್ಲದ ಮೈಯಲ್ಲಿ ಬಲ ಬೆಳೆಸುವುದು ಕಷ್ಟ.

ಅಳತೆ ಹೇಗೆ

ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ. ಹೊಲಿಗೆಯವರ ಹತ್ತಿರ ಟೇಪು ಇದ್ದೇ ಇರುತ್ತದೆ. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಹೊಟ್ಟೆಯ ಬೊಜ್ಜು ಹೆಚ್ಚಿದೆ ಎಂದು ಅರ್ಥ. ಬಲ ಅಳೆಯಲು ಕುರ್ಚಿ ಮತ್ತು ಗಡಿಯಾರ ಸಾಕು. ಕೈಯನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಎದ್ದಿರಿ ಅಂತ ಪಕ್ಕದವರು ಎಣಿಸಲಿ. ತಿಂಗಳ ಮೊದಲ ಸಭೆಯ ದಿನ ಈ ಎರಡು ಅಂಕಿಗಳನ್ನು ಪಾಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಟೇಪಿನ ಅಂಕಿ ಕೆಳಗೆ, ಕುರ್ಚಿಯ ಅಂಕಿ ಮೇಲೆ ಹೋಗುತ್ತಿದ್ದರೆ ದಾರಿ ಸರಿಯಾಗಿದೆ. ಎರಡೂ ಕೆಳಗೆ ಹೋಗುತ್ತಿದ್ದರೆ ಊಟ ಕಡಿಮೆಯಾಗಿದೆ ಅಂತ ತಿಳಿದು ಕಾಳಿನ ಸೌಟು ಹೆಚ್ಚಿಸಿ.

ಪುಡಿ ಡಬ್ಬಿಯ ಆ ಸಹೋದರಿಯ ಸಂಘದಲ್ಲಿ ಈಗ ಸಭೆಗೆ ಕಾಲು ಗಂಟೆ ಮೊದಲೇ ಏಳೆಂಟು ಜನ ಬಂದು ಗೋಡೆ ದಂಡ ಮಾಡುತ್ತಾರೆ. ಟೇಪು ಸಂಘದ ಪೆಟ್ಟಿಗೆಯಲ್ಲೇ ಇರುತ್ತದೆ. ಕಳೆದ ಸಲ ಹೋದಾಗ ಆಕೆ 30 ಸೆಕೆಂಡಿನಲ್ಲಿ 14 ಸಲ ಎದ್ದು ತೋರಿಸಿದರು. ಶುರುವಿನಲ್ಲಿ ಬರೆದಿದ್ದ ಅಂಕಿ 7. ಸಾಲದ ಕೊನೆಯ ಕಂತು ಮುಂದಿನ ತಿಂಗಳು ಅಂದರು.